ರಿಕವರಿ ಎಂಬುದು ಯಾವ ವಿಷಯದ ಪಾಠ?

ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ರೈತನ ಬಾಯಲ್ಲೂ ಸಲೀಸಾಗಿ ಓಡಾಡುವ ಇಂಗ್ಲಿಷ್ ಶಬ್ದವೊಂದಿದೆ. ಅದೇ ರಿಕವರಿ. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಕೈಗೆ ಬಂತು ಎಂಬ ಲೆಕ್ಕ. 2025ರ ಅಕ್ಟೋಬರ್ ಕೊನೆಗೆ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತಾಗ, ನವೆಂಬರ್ 7ರಂದು ಸರ್ಕಾರ 3,300 ಎಂದು ಪ್ರಕಟಿಸುವವರೆಗೂ, ಚಹಾದಂಗಡಿಯಿಂದ ಗುಡಿಯ ಕಟ್ಟೆಯವರೆಗೆ ಎಲ್ಲಿ ಕೇಳಿದರೂ ಇದೇ ಶಬ್ದ.

ಆ ದಿನಗಳಲ್ಲಿ ಪದವಿ ಓದುವ ಇಬ್ಬರು ಹಳೆಯ ವಿದ್ಯಾರ್ಥಿಗಳು ಸಿಕ್ಕಿದ್ದರು. ಇಬ್ಬರ ಮನೆಯಲ್ಲೂ ಕಬ್ಬಿದೆ. ಬಿಎಸ್‌ಸಿ ಓದುವವಳಿಗೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುವ ಸಮೀಕರಣ ಬಾಯಿಪಾಠ. ಎಫ್‌ಆರ್‌ಪಿ ಎಂದರೇನೆಂದು ಕೇಳಿದರೆ, "ಅದು ಆರ್ಟ್ಸ್‌ನವರಿಗಿ ಬರತೈತ್ರಿ ಸರ" ಎಂದಳು. ಬಿಎ ಅರ್ಥಶಾಸ್ತ್ರದವನಿಗೆ ಎಫ್‌ಆರ್‌ಪಿ ಗೊತ್ತು, ಅದನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆಂದೂ ಗೊತ್ತು. ಆದರೆ ರಿಕವರಿಯ ಮಾತು ಬಂದಾಗ, "ಅದು ಫ್ಯಾಕ್ಟರಿಯವ್ರು ಹೇಳಿದಷ್ಟ ಅಲ್ರಿ ಸರ?" ಎಂದ. ಇಬ್ಬರೂ ಜಾಣರೇ. ಒಂದೇ ಗದ್ದೆಯ ಕಬ್ಬನ್ನು ಎರಡು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟವರು ನಾವು, ಮಾಸ್ತರುಗಳು.

ಈ ತುಂಡುಗಳನ್ನು ಜೋಡಿಸಿದರೆ ಏನು ಕಾಣುತ್ತದೆ ನೋಡಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ, ಅದು ರಿಕವರಿ ಶೇ. 10.25 ಇದ್ದರೆ. ಪ್ರತಿ 0.1 ಅಂಶ ಹೆಚ್ಚಾದರೆ ಟನ್ನಿಗೆ 34 ರೂಪಾಯಿ 60 ಪೈಸೆ ಕೂಡುತ್ತದೆ, ಕಡಿಮೆಯಾದರೆ ಕಳೆಯುತ್ತದೆ. ಶೇ. 9.5ಕ್ಕಿಂತ ಕೆಳಗೆ ಹೋದರೆ ಮತ್ತೆ ಕಡಿತವಿಲ್ಲ. ಅಂದರೆ ಒಂದು ಅಂಶದ ವ್ಯತ್ಯಾಸಕ್ಕೆ ಟನ್ನಿಗೆ 346 ರೂಪಾಯಿ. ಎಕರೆಗೆ ನಲವತ್ತು ಟನ್ ಬೆಳೆದವನಿಗೆ ಅದು 13,840 ರೂಪಾಯಿ. ಒಂದು ಮಗುವಿನ ವರ್ಷದ ಕಾಲೇಜು ಖರ್ಚು ಅದರಲ್ಲಿ ಕೂತಿರಬಹುದು.

ಕಡಿದ ಕಬ್ಬು ಟ್ರ್ಯಾಕ್ಟರಿನಲ್ಲಿ ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ನಿಂತಷ್ಟು ಹೊತ್ತೂ ಅದರೊಳಗಿನ ಕಿಣ್ವ ಸುಮ್ಮನೆ ಕೂರುವುದಿಲ್ಲ. ಸುಕ್ರೋಸನ್ನು ಒಡೆಯುತ್ತಲೇ ಇರುತ್ತದೆ. ಒಡೆದದ್ದು ಹರಳುಗಟ್ಟುವುದಿಲ್ಲ, ಕಾಕಂಬಿಗೆ ಹೋಗುತ್ತದೆ. ನೀರು ಆರಿ ತೂಕವೂ ಇಳಿಯುತ್ತದೆ. ಇದು ನನ್ನ ವಿಷಯ. ಆದರೆ ದರಕ್ಕೆ ಹಿಡಿಯುವುದು ಆ ಟ್ರ್ಯಾಕ್ಟರಿನ ರಿಕವರಿಯನ್ನಲ್ಲ, ಆ ಕಾರ್ಖಾನೆಯ ಹಿಂದಿನ ಹಂಗಾಮಿನ ಸರಾಸರಿಯನ್ನು. ಇದು ಸಂಖ್ಯಾಶಾಸ್ತ್ರ. ಕಟಾವು, ಸಾಗಣೆಯ ಖರ್ಚನ್ನು ಯಾರ ಲೆಕ್ಕದಲ್ಲಿ ಮುರಿಯಬೇಕು ಎಂಬುದು ವಾಣಿಜ್ಯ. ಹದಿನಾಲ್ಕು ದಿನದೊಳಗೆ ಬಿಲ್ಲು ಕೊಡಬೇಕೆಂಬ 1966ರ ಕಬ್ಬು ನಿಯಂತ್ರಣ ಆದೇಶ ಕಾನೂನು. ಗುರ್ಲಾಪುರದ ರಸ್ತೆ ರಾಜ್ಯಶಾಸ್ತ್ರ.

ಇಂಥ ಜೋಡಣೆಗೆ ನಮ್ಮ ರಾಜ್ಯದಲ್ಲಿ ಒಮ್ಮೆ ಬಾಗಿಲು ತೆರೆದಿತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದವರು ನಾವು. ವಿಜ್ಞಾನದವರು ಕಲೆಯಿಂದ, ಕಲೆಯವರು ವಿಜ್ಞಾನದಿಂದ ಒಂದು 'ಮುಕ್ತ ಆಯ್ಕೆ' ಪತ್ರಿಕೆ ತೆಗೆದುಕೊಳ್ಳಬೇಕಾಗಿತ್ತು. ಹೆಸರೇನೋ ಮುಕ್ತ. ಹಳ್ಳಿಗಾಡಿನ ಕಾಲೇಜಿನಲ್ಲಿ ಅದು ಯಾವ ಅಧ್ಯಾಪಕರಿಗೆ ಬಿಡುವಿದೆಯೋ ಅವರ ವಿಷಯ ಎಂದು ಅರ್ಥ! 2024ರ ಮೇ ತಿಂಗಳಲ್ಲಿ ಆದೇಶ ಬದಲಾಯಿತು. ಪ್ರೊ. ಸುಖದೇವ ಥೋರಟ್ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ ಮೂರು ವರ್ಷದ ಪದವಿ, ಮೂರು ಪ್ರಧಾನ ವಿಷಯಗಳ ಹಳೆಯ ಪದ್ಧತಿ ಮರಳಿತು. ಮುಕ್ತ ಆಯ್ಕೆಗೆ ಮೊದಲಿದ್ದ ಜಾಗ ಕುಗ್ಗಿತು.

ನಾಲ್ಕನೆಯ ವರ್ಷ ಹೋದದ್ದಕ್ಕೆ ನನಗೆ ದುಃಖವಿಲ್ಲ. ದಿನಾ ಬಸ್ಸು ಹಿಡಿದು ಓದಲು ಹೋಗುವ ಹೆಣ್ಣುಮಗಳಿಗೆ ಇನ್ನೊಂದು ವರ್ಷ ಎಂದರೆ ಮನೆಯಲ್ಲಿ ಇನ್ನೊಂದು ವರ್ಷದ ಜಗಳ. ಮೂರನೆಯ ಪ್ರಧಾನ ವಿಷಯ ಮರಳಿದ್ದೂ ಒಳ್ಳೆಯದೇ, ಗಣಿತದ ತಳಪಾಯ ಬಿಟ್ಟು ಭೌತಶಾಸ್ತ್ರದ ಮನೆ ಕಟ್ಟಲಾಗದು. ಆದರೆ ಕೊಟ್ಟಿಗೆ ಸರಿಯಿಲ್ಲವೆಂದು ಆಕಳನ್ನೇ ಹೊಡೆದಟ್ಟಿದಂತೆ, ಮುಕ್ತ ಆಯ್ಕೆ ಕೆಟ್ಟದಾಗಿ ನಡೆಯಿತೆಂದು ಅದರ ಜಾಗವನ್ನೇ ಕುಗ್ಗಿಸಿದ್ದು ನನಗೆ ಒಪ್ಪಿಗೆಯಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಪದವಿ ಕೋರ್ಸು ಆರಂಭಿಸಿದಾಗ, ಎಲ್ಲ ವಿದ್ಯಾರ್ಥಿಗಳೂ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಓದಿ, ಜೊತೆಗೆ ಮಾನವಿಕ ವಿಷಯಗಳನ್ನೂ ಓದುವಂತೆ ಗೊತ್ತುಮಾಡಿತು. ಅಲ್ಲಿನ ಸೌಕರ್ಯ ನಮಗೆಲ್ಲಿ ಎನ್ನುತ್ತೀರಿ, ನಿಜ. ಹಾಗಾದರೆ ಬಿ.ಜಿ.ಎಲ್. ಸ್ವಾಮಿಯವರನ್ನು ನೆನೆಯಿರಿ. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಕತೆ 'ಹಸುರು ಹೊನ್ನು' ಆಯಿತು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದಕ್ಕೆ ಬೇಕಾದದ್ದು ಕಾಡು, ಕಾಲು ಮತ್ತು ಒಬ್ಬ ಮಾಸ್ತರ.

ನಮ್ಮಲ್ಲಿ ಕಾಡಿಲ್ಲದಿದ್ದರೆ ಕಬ್ಬಿದೆ. ಊರಿನ ಹೆಸರಲ್ಲೇ ಬೆಲ್ಲವಿದೆ. ಒಂದು ಸೆಮಿಸ್ಟರಿನ ಪತ್ರಿಕೆಗೆ ಇಷ್ಟು ಸಾಲದೇ? ಆಲೆಮನೆಯಲ್ಲಿ ಹಾಲಿಗೆ ಸುಣ್ಣ ಏಕೆ ಹಾಕುತ್ತಾರೆ? ಹಾಲಿನ ಹುಳಿ ಮುರಿಯದಿದ್ದರೆ ಕಾಯಿಸುವಾಗ ಸುಕ್ರೋಸ್ ಒಡೆದು ಬೆಲ್ಲ ಅಚ್ಚು ಹಿಡಿಯುವುದಿಲ್ಲ. ಸುಣ್ಣ ಹೆಚ್ಚಾದರೆ ಬಣ್ಣ ಕಪ್ಪಾಗುತ್ತದೆ. ಪೇಟೆಯಲ್ಲಿ ಕೊಳ್ಳುವವನು ಕಣ್ಣಿಂದ ಕೊಳ್ಳುತ್ತಾನೆ, ಹೊಂಬಣ್ಣಕ್ಕೆ ಹೆಚ್ಚು ದುಡ್ಡು. ಆದ್ದರಿಂದ ಹೈಡ್ರೋಸ್ ಎಂಬ ಪುಡಿ ಬೀಳುತ್ತದೆ, ಗಂಧಕದ ಡೈಆಕ್ಸೈಡು ಬೆಲ್ಲದಲ್ಲಿ ಉಳಿಯುತ್ತದೆ. ಆಹಾರ ಸುರಕ್ಷತೆಯ ನಿಯಮ ಅದಕ್ಕೆ ಹತ್ತು ಲಕ್ಷದಲ್ಲಿ 70 ಭಾಗದ ಮಿತಿ ಹಾಕಿದೆ. ಈಗ ಹೇಳಿ, ತಪ್ಪು ಪುಡಿಯದೋ, ಆಲೆಮನೆಯವನದೋ, ಬಣ್ಣಕ್ಕೆ ಬೆಲೆ ಕಟ್ಟಿದ ನಮ್ಮದೋ? ರಸಾಯನಶಾಸ್ತ್ರದವಳೂ ಅರ್ಥಶಾಸ್ತ್ರದವನೂ ಒಂದೇ ಬೆಂಚಿನ ಮೇಲೆ ಕೂತು ಜಗಳಾಡಬೇಕಾದ ಪ್ರಶ್ನೆಯಿದು.

ಇದಕ್ಕೆ ಹೊಸ ಕಟ್ಟಡ ಬೇಡ. ಸಕ್ಕರೆ ಅಂಶ ಅಳೆಯುವ ಕೈ ರಿಫ್ರಾಕ್ಟೋಮೀಟರ್ ಒಂದು, ತೂಕದ ಕಾಟಾ ಒಂದು, ಅಪ್ಪ ಜೋಪಾನವಾಗಿಟ್ಟ ಕಬ್ಬಿನ ಬಿಲ್ಲುಗಳು. ಮುಖ್ಯವಾಗಿ ಬೇಕಾದದ್ದು ಇಬ್ಬರು ಮೂವರು ಅಧ್ಯಾಪಕರಿಗೆ ಒಂದೇ ತಾಸಿನಲ್ಲಿ ಒಂದೇ ತರಗತಿಗೆ ಹೋಗಲು ಟೈಮ್‌ಟೇಬಲ್ಲಿನಲ್ಲಿ ಅವಕಾಶ, ಇಬ್ಬರ ಕೆಲಸವನ್ನೂ ಪೂರ್ಣ ತಾಸು ಎಂದು ಎಣಿಸುವ ನಿಯಮ. ಅತಿಥಿ ಉಪನ್ಯಾಸಕರಿಗಂತೂ ಈ ಎಣಿಕೆಯೇ ಅನ್ನ, ಅದನ್ನು ಮರೆತು ಯಾವ ಹೊಸ ಪತ್ರಿಕೆ ತಂದರೂ ಅದು ಕಾಗದದ ಮೇಲೆಯೇ ಉಳಿಯುತ್ತದೆ.

ಪರೀಕ್ಷೆಯ ಪ್ರಶ್ನೆಯನ್ನು ನಾನೇ ಬರೆದುಕೊಡಬಲ್ಲೆ: 'ಕಡಿದ ಕಬ್ಬು ಮೂರು ದಿನ ಪಾಳಿಯಲ್ಲಿ ನಿಂತಿತು. ನಷ್ಟವೆಷ್ಟು, ಅದು ಯಾರ ಪಾಲಿಗೆ ಬಂತು, ಲೆಕ್ಕ ಹಾಕಿ ಕಾರಣ ಕೊಡಿ.' ಇದನ್ನು ಯಾವ ವಿಷಯದ ಅಧ್ಯಯನ ಮಂಡಳಿಗೆ ಕಳಿಸಬೇಕೆಂಬುದನ್ನು ಮಾತ್ರ ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರೇ ಹೇಳಬೇಕು.