ಕ್ಷೇತ್ರ ಪುನರ್ವಿಂಗಡಣೆ: ಮುಂಬೈ ಕನ್ನಡಿಗರು ಕೇಳಬೇಕಾದದ್ದು ಭಾಷೆಯ ಕ್ಷೇತ್ರವಲ್ಲ, ಒಡೆಯದ ಬಡಾವಣೆ

ಮುಂಬೈನಲ್ಲಿ ಒಂದು ಕಾಲಕ್ಕೆ ಮಾಟುಂಗ ಎಂಬ ವಿಧಾನಸಭಾ ಕ್ಷೇತ್ರವಿತ್ತು. ಉಡುಪಿ ಹೋಟೆಲ್‌ಗಳು, ಮೈಸೂರು ಅಸೋಸಿಯೇಷನ್, ದಕ್ಷಿಣ ಭಾರತೀಯರ ದೇವಸ್ಥಾನಗಳಿರುವ ಈ ಪ್ರದೇಶಕ್ಕೆ ಅದೇ ಹೆಸರಿನ ಶಾಸಕ ಸ್ಥಾನ. 2009ರ ಚುನಾವಣೆಯ ಹೊತ್ತಿಗೆ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಮಾಟುಂಗ ಪೂರ್ವದ ಮತದಾರರು ವಡಾಲಾ, ಸಯನ್-ಕೋಳಿವಾಡಾ ಕ್ಷೇತ್ರಗಳಿಗೆ ಸೇರಿದರು.

ಇದರ ಹಿಂದೆ ಇದ್ದದ್ದು ಜನಸಂಖ್ಯೆಯ ಲೆಕ್ಕ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಪುನರ್ವಿಂಗಡಣಾ ಆಯೋಗ 2001ರ ಜನಗಣತಿಯನ್ನು ಆಧಾರವಾಗಿ ಇಟ್ಟುಕೊಂಡಿತು. ಆಗ ನಗರ ಜಿಲ್ಲೆಯಲ್ಲಿ ಸುಮಾರು 33 ಲಕ್ಷ, ಉಪನಗರದಲ್ಲಿ 86 ಲಕ್ಷ ಜನರಿದ್ದರು. ತಲಾ 17 ಸ್ಥಾನಗಳಿದ್ದ ಎರಡು ಜಿಲ್ಲೆಗಳಲ್ಲಿ ನಗರಕ್ಕೆ 10, ಉಪನಗರಕ್ಕೆ 26 ಸ್ಥಾನಗಳಾದವು. 2011ರಲ್ಲಿ ನಗರದ ಜನಸಂಖ್ಯೆ 31 ಲಕ್ಷದೊಳಕ್ಕೆ ಇಳಿದು, ಉಪನಗರದ್ದು 93 ಲಕ್ಷ ದಾಟಿತು.

ಸಂವಿಧಾನದ ಪ್ರಕಾರ ಮುಂದಿನ ಪುನರ್ವಿಂಗಡಣೆ 2026ರ ನಂತರದ ಮೊದಲ ಜನಗಣತಿಯನ್ನು ಆಧರಿಸಬೇಕು. ಗೆರೆಗಳು ಮತ್ತೆ ಸರಿಯುವುದು ಬಹುತೇಕ ಖಚಿತ. ಹಾಗಾದರೆ ಒಂದು ಸಮುದಾಯ ತನ್ನನ್ನು ಒಡೆಯಬೇಡಿ ಎಂದು ಕೇಳಬಹುದೇ?

ಕಾನೂನು ಏನನ್ನು ನೋಡುತ್ತದೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಮಾನ ಹಿತಾಸಕ್ತಿಯ ಸ್ಥಳೀಯ ಸಮುದಾಯಗಳನ್ನು ಆದಷ್ಟು ಒಡೆಯಬಾರದು ಎಂದು ರಾಜ್ಯ ಸಂವಿಧಾನವೇ ಹೇಳುತ್ತದೆ. ನಮ್ಮ 2002ರ ಪುನರ್ವಿಂಗಡಣಾ ಕಾಯ್ದೆಯಲ್ಲಿ ಅಂಥ ಮಾತಿಲ್ಲ. ಕ್ಷೇತ್ರ ಒತ್ತಟ್ಟಿಗಿರಬೇಕು, ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ, ಸಾರ್ವಜನಿಕ ಅನುಕೂಲ ಇವನ್ನು ಗಮನಿಸಬೇಕು ಎಂದಷ್ಟೇ ಇದೆ. ಪರಿಶಿಷ್ಟ ಜಾತಿ, ಪಂಗಡಗಳ ಮೀಸಲು ಕ್ಷೇತ್ರಗಳಿಗೆ ಮಾತ್ರ ಆ ಸಮುದಾಯಗಳ ಜನಸಂಖ್ಯೆ ಲೆಕ್ಕಕ್ಕೆ ಬರುತ್ತದೆ. ಮುಂಬೈನಲ್ಲಿ ಧಾರಾವಿ ಮತ್ತು ಕುರ್ಲಾ ಅಂಥ ಕ್ಷೇತ್ರಗಳು. ಭಾಷೆಗೆ ಇಲ್ಲಿ ಜಾಗವಿಲ್ಲ.

ಮುಂಬೈ ಕನ್ನಡಿಗರಿಗೆ ಭಾಷೆಯ ವಾದ ಉಪಯೋಗಕ್ಕೂ ಬಾರದು. ಕರಾವಳಿಯಿಂದ ಬಂದವರನ್ನು ಜನಗಣತಿಯೇ ಕನ್ನಡ, ತುಳು, ಕೊಂಕಣಿ ಎಂದು ಬೇರೆ ಬೇರೆ ಎಣಿಸುತ್ತದೆ. ಅವರು ಸಾಂತಾಕ್ರೂಜ್‌ನಿಂದ ಮುಲುಂಡ್‌ವರೆಗೆ ಹರಡಿಕೊಂಡಿದ್ದಾರೆ. 1967ರಲ್ಲಿ ದಕ್ಷಿಣ ಬಾಂಬೆಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಗೆದ್ದದ್ದು ಊರಿನವರ ಮತಗಳಿಂದಲ್ಲ. ಅವರ ಬಲ ಇದ್ದದ್ದು ಕಾರ್ಮಿಕ ಸಂಘಟನೆಯಲ್ಲಿ.

ಗೆರೆ ತಾಗುವುದು ಎಲ್ಲಿ?

ನಿಜವಾದ ನಷ್ಟ ಕೆಳಮಟ್ಟದಲ್ಲಿ. ಮುಂಬೈ ಮಹಾನಗರ ಪಾಲಿಕೆ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ. ಶಾಲೆ ಒಂದು ವಾರ್ಡ್‌ನಲ್ಲಿ, ಮಕ್ಕಳ ಮನೆಗಳು ಗೆರೆಯಾಚೆ ಇನ್ನೊಂದರಲ್ಲಿ ಬಿದ್ದರೆ, ಅದನ್ನು ಉಳಿಸುವ ಕೆಲಸ ಯಾವ ನಗರಸೇವಕರದ್ದೂ ಆಗುವುದಿಲ್ಲ. ಚಾಳಿನ ಪುನರಾಭಿವೃದ್ಧಿ, ನಾಲೆ, ನೀರಿನ ವಿಷಯದಲ್ಲೂ ಇದೇ ಕಥೆ. ವಾರ್ಡ್‌ಗಳ ಗೆರೆ ಎಳೆಯುವುದು ಕೇಂದ್ರದ ಆಯೋಗವಲ್ಲ, ಅದು ರಾಜ್ಯ ಮಟ್ಟದ ಕೆಲಸ. ಅಲ್ಲಿ ರಾಜಕೀಯ ಇನ್ನೂ ಹತ್ತಿರ: 2021ರಲ್ಲಿ ಆಗಿನ ಸರ್ಕಾರ ವಾರ್ಡ್‌ಗಳನ್ನು 227ರಿಂದ 236ಕ್ಕೆ ಏರಿಸಲು ಹೊರಟಿತು, 2022ರಲ್ಲಿ ಬಂದ ಸರ್ಕಾರ ಮತ್ತೆ 227ಕ್ಕೆ ಇಳಿಸಿತು.

ಎರಡು ಕ್ಷೇತ್ರಗಳಲ್ಲಿ ಹಂಚಿಹೋದರೆ ಇಬ್ಬರು ಪ್ರತಿನಿಧಿಗಳು ಸಿಗುತ್ತಾರಲ್ಲ ಎಂಬ ವಾದವೂ ಇದೆ. ಸಂಖ್ಯಾಬಲ ಇರುವವರಿಗೆ ಅದು ಸರಿ. ಸಣ್ಣ ಸಮುದಾಯ ಎರಡೂ ಕಡೆ ಲೆಕ್ಕಕ್ಕಿಲ್ಲದಂತಾಗುವ ಸಂಭವವೇ ಹೆಚ್ಚು.

ಸಮಯ ಕಡಿಮೆ

ಆಯೋಗದ ಕರಡು ಪ್ರಕಟವಾಗಿ, ಆಕ್ಷೇಪಣೆ ಸ್ವೀಕರಿಸಿ, ಬಹಿರಂಗ ಸಭೆ ನಡೆಯುವ ಅವಧಿಯೇ ಜನರಿಗೆ ಸಿಗುವ ಅವಕಾಶ. ಆಯೋಗದೊಂದಿಗೆ ಕೂರುವ ಸಂಸದರು, ಶಾಸಕರು ಸಹ ಸದಸ್ಯರು ಮಾತ್ರ. ಅವರಿಗೆ ಮತದ ಹಕ್ಕಿಲ್ಲ. ಅಂತಿಮ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎನ್ನುತ್ತದೆ ಕಾಯ್ದೆ. ಆದೇಶ ಸಂಪೂರ್ಣ ಸ್ವೇಚ್ಛೆಯದಾಗಿದ್ದರೆ ಪರಿಶೀಲಿಸಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ ಆ ಬಾಗಿಲು ಕಿರಿದು.

ಆದ್ದರಿಂದ ಸಂಘಗಳು 'ನಾವು ಕನ್ನಡಿಗರು' ಎಂಬ ಮನವಿ ಪತ್ರ ಹಿಡಿದು ಹೋದರೆ ಫಲ ಕಡಿಮೆ. ಈ ರಸ್ತೆ ದಾಟಿಸಬೇಡಿ, ಈ ಚಾಳಿನವರಿಗೂ ಈ ಶಾಲೆಗೂ ನಡುವೆ ಗೆರೆ ಬೇಡ, ರೈಲು ಹಳಿಯಾಚೆಯ ಭಾಗ ಸೇರಿಸಿದರೆ ಓಡಾಟಕ್ಕೆ ಕಷ್ಟ ಎಂದು ನಕ್ಷೆ ಸಮೇತ ಹೇಳಿದರೆ ಅದು ಕಾಯ್ದೆಯ 'ಸಾರ್ವಜನಿಕ ಅನುಕೂಲ'ದೊಳಗೆ ಬರುತ್ತದೆ. ಆ ಮನವಿಗೆ ನೆರೆಮನೆಯ ಮರಾಠಿ, ತಮಿಳು, ಗುಜರಾತಿ ಕುಟುಂಬಗಳೂ ಸಹಿ ಹಾಕಬಹುದು. ನಕ್ಷೆ ಸಿದ್ಧಪಡಿಸುವ ಕೆಲಸ ಕರಡು ಬರುವ ಮೊದಲೇ ಆಗಬೇಕು.