ಪಿಗ್ಮಿಯಿಂದ ಇಎಂಐ ತನಕ: ಮಹಾನಗರದ ಕನ್ನಡಿಗರ ಮನೆಯ ಉಳಿತಾಯ

ಕರಾವಳಿಯಿಂದ ಮುಂಬಯಿಗೆ ಬಂದು ಹೊಟೇಲು, ಕ್ಯಾಂಟೀನು, ಕಚೇರಿಗಳಲ್ಲಿ ದುಡಿದ ಹಿಂದಿನ ತಲೆಮಾರಿನ ತುಳು-ಕನ್ನಡಿಗರ ಸಂಪಾದನೆ ದೊಡ್ಡದೇನೂ ಆಗಿರಲಿಲ್ಲ. ಹಗಲು ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಊರಿಗೆ ಮನಿಯಾರ್ಡರ್ ಕಳುಹಿಸಿದ ಮೇಲೂ ನಾಲ್ಕು ಕಾಸು ಕೂಡಿಟ್ಟವರು ಅವರಲ್ಲಿ ಅನೇಕರಿದ್ದರು. ಇಂದು ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿಯೂ ತಿಂಗಳ 20ನೇ ತಾರೀಕಿಗೆ ಕೈ ಖಾಲಿ ಎಂಬ ಮಾತು ಕೇಳಿಬರುತ್ತಿದೆ. ದುಡಿಮೆ ಹೆಚ್ಚಿದರೂ ಉಳಿತಾಯ ಏಕೆ ಹೆಚ್ಚುತ್ತಿಲ್ಲ ಎಂಬುದು ಇಂದು ನಾವೆಲ್ಲರೂ ಯೋಚಿಸಬೇಕಾದ ವಿಷಯ.

ಇದು ನಮ್ಮ ಸಮಾಜದ ಸಮಸ್ಯೆ ಮಾತ್ರವಲ್ಲ. ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಂಕಿಅಂಶದಂತೆ, ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2020-21ರಲ್ಲಿ ಒಟ್ಟು ದೇಶೀಯ ಉತ್ಪನ್ನದ (ಜಿಡಿಪಿ) ಶೇ. 11.5 ಇದ್ದುದು 2022-23ರಲ್ಲಿ ಶೇ. 5.1ಕ್ಕೆ ಇಳಿದಿತ್ತು. ಅದೇ ವರ್ಷ ಕುಟುಂಬಗಳ ಹೊಸ ಸಾಲ ಶೇ. 5.8ಕ್ಕೆ ಏರಿತ್ತು. ಜನರು ಮನೆ, ವಾಹನ ಕೊಳ್ಳಲು ಸಾಲ ಮಾಡಿದ್ದಾರೆ, ಇದು ಸಂಕಷ್ಟದ ಲಕ್ಷಣವಲ್ಲ ಎಂದು ಹಣಕಾಸು ಸಚಿವಾಲಯ ಹೇಳಿತ್ತು. ಅದರಲ್ಲಿ ಸತ್ಯಾಂಶವಿದೆ. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಭದ್ರತೆಯಿಲ್ಲದ ವೈಯಕ್ತಿಕ ಸಾಲ ಮತ್ತು ಕ್ರೆಡಿಟ್ ಕಾರ್ಡ್ ಸಾಲದ ಮೇಲೆ ರಿಸರ್ವ್ ಬ್ಯಾಂಕ್ ನಿಯಮ ಬಿಗಿಗೊಳಿಸಿತು ಎಂಬುದೂ ಗಮನಾರ್ಹ.

ಉಳಿತಾಯದ ಪಾಠವನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದರು. ಮುಂಬಯಿಯಲ್ಲಿ 1906ರಲ್ಲಿ ಆರಂಭವಾದ ಶಾಮರಾವ್ ವಿಠಲ್ ಬ್ಯಾಂಕ್, ಬಿಲ್ಲವರ ಅಸೋಸಿಯೇಶನ್‌ನ ಮುತುವರ್ಜಿಯಿಂದ 1978ರಲ್ಲಿ ಹುಟ್ಟಿದ ಭಾರತ್ ಬ್ಯಾಂಕ್ ಸಮಾಜಬಾಂಧವರು ಒಂದುಗೂಡಿ ಕಟ್ಟಿದ ಸಂಸ್ಥೆಗಳು.

ಪಿಗ್ಮಿಯ ಗುಟ್ಟು ಬಡ್ಡಿಯಲ್ಲಿ ಇರಲಿಲ್ಲ. ಖರ್ಚಾಗುವ ಮೊದಲೇ ಹಣ ಕೈಯಿಂದ ಹೋಗುತ್ತಿತ್ತು ಎಂಬುದರಲ್ಲಿತ್ತು. ಇಂದು ಆ ಜಾಗವನ್ನು ಖರ್ಚು ಆಕ್ರಮಿಸಿದೆ. ಮನೆ ಬಾಗಿಲಿಗೆ ಬರುವವರು ಪಾರ್ಸೆಲ್ ತರುವ ಹುಡುಗರು. ತಿಂಗಳ ಮೊದಲಿಗೇ ಖಾತೆಯಿಂದ ಕಡಿತವಾಗುವುದು ಮೊಬೈಲು, ಟಿವಿ, ಪ್ರವಾಸದ ಕಂತು. 2016ರಲ್ಲಿ ಆರಂಭವಾದ ಯುಪಿಐ ಪಾವತಿಗಳ ಸಂಖ್ಯೆ 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 2,000 ಕೋಟಿ ದಾಟಿತು. ಅನುಕೂಲವೇನೋ ನಿಜ, ಆದರೆ ನೋಟು ಎಣಿಸುವಾಗ ಆಗುತ್ತಿದ್ದ ಸಂಕೋಚ ಮೊಬೈಲು ಒತ್ತುವಾಗ ಆಗುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರಂತೂ ಹಲವು ಬ್ಯಾಂಕುಗಳು ತಿಂಗಳಿಗೆ ಶೇ. 3.5ರ ಆಸುಪಾಸು ಬಡ್ಡಿ ಹಾಕುತ್ತವೆ. ವರ್ಷಕ್ಕೆ ಅದು ಶೇ. 40 ಮೀರುತ್ತದೆ.

ಇನ್ನೊಂದು ಬದಲಾವಣೆಯೂ ಆಗಿದೆ. ತೆರಿಗೆ ಉಳಿಸುವ ಸಲುವಾಗಿಯಾದರೂ ಮಾರ್ಚ್ ತಿಂಗಳಲ್ಲಿ ಎಲ್‌ಐಸಿ, ಪಿಪಿಎಫ್‌ಗೆ ಹಣ ಕಟ್ಟುವ ರೂಢಿ ನೌಕರವರ್ಗದಲ್ಲಿತ್ತು. 2023ರ ಏಪ್ರಿಲ್‌ನಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆಯಾಗಿದ್ದು, ಅದರಲ್ಲಿ ಈ ವಿನಾಯಿತಿ ಇಲ್ಲ. ಇನ್ನು ಉಳಿಸು ಎಂದು ಯಾರೂ ಒತ್ತಾಯಿಸುವುದಿಲ್ಲ, ಮನೆಯವರೇ ನಿರ್ಧರಿಸಬೇಕು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಸಂಬಳ ಬಂದ ಮರುದಿನವೇ ಒಂದು ಮೊತ್ತ ಆರ್‌ಡಿ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡುವುದು. ದಿನಕ್ಕೆ 100 ರೂ. ಎಂದರೆ ತಿಂಗಳಿಗೆ 3,000 ರೂ. ಶೇ. 6.7 ಬಡ್ಡಿಯಲ್ಲಿ ಐದು ವರ್ಷಕ್ಕೆ ಸುಮಾರು 2.14 ಲಕ್ಷ ರೂ. ಆಗುತ್ತದೆ. ಎರಡನೆಯದಾಗಿ, ತಿಂಗಳಿಗೊಮ್ಮೆ ಗಂಡ-ಹೆಂಡತಿ, ತಿಳುವಳಿಕೆ ಬಂದ ಮಕ್ಕಳು ಒಟ್ಟಿಗೆ ಕುಳಿತು ಲೆಕ್ಕ ನೋಡುವುದು. ಸೊಸೈಟಿಯ ಮೇಂಟೆನೆನ್ಸ್, ಜೂನ್ ತಿಂಗಳ ಶಾಲಾ ಶುಲ್ಕ, ಮೇ ತಿಂಗಳ ಊರ ಪ್ರಯಾಣ ಇವು ಯಾವುವೂ ಹಠಾತ್ತಾಗಿ ಬರುವ ಖರ್ಚುಗಳಲ್ಲ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಆ ದಿನ ತಪ್ಪಿಸಿಕೊಂಡ ಕುಟುಂಬ ಕೊನೆಗೆ ಬಸ್ಸು, ವಿಮಾನಕ್ಕೆ ಹಲವು ಪಟ್ಟು ತೆರಬೇಕಾಗುತ್ತದೆ. ಖರ್ಚು ಮಾಡಬಾರದೆಂದಲ್ಲ, ತಿಳಿದು ಮಾಡಬೇಕೆಂಬುದಷ್ಟೇ.

ಉಳಿಸಿದ್ದನ್ನು ಕಾಪಾಡುವುದೂ ಅಷ್ಟೇ ಮುಖ್ಯ. ಮುಂಬಯಿಯ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿ 13ರಂದು ನಿರ್ಬಂಧ ಹೇರಿದಾಗ ಠೇವಣಿದಾರರು ತಮ್ಮದೇ ಹಣ ತೆಗೆಯಲಾಗದೆ ಪರದಾಡಿದರು. ಆ ತಿಂಗಳ 27ರಿಂದ 25,000 ರೂ. ತನಕ ಪಡೆಯಲು ಅವಕಾಶ ಸಿಕ್ಕಿತು. ಆಗಸ್ಟ್ 4ರಂದು ಆ ಬ್ಯಾಂಕ್ ಸಾರಸ್ವತ್ ಬ್ಯಾಂಕಿನಲ್ಲಿ ವಿಲೀನವಾಯಿತು. ಠೇವಣಿ ವಿಮೆಯ ಮಿತಿ 2020ರ ಫೆಬ್ರವರಿಯಲ್ಲಿ ಒಂದು ಲಕ್ಷದಿಂದ 5 ಲಕ್ಷಕ್ಕೇರಿದ್ದು, ಅದು ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಲ್ಲಿರುವ ಎಲ್ಲ ಖಾತೆಗಳ ಅಸಲು, ಬಡ್ಡಿ ಸೇರಿದ ಮೊತ್ತಕ್ಕೆ. ಆದ್ದರಿಂದ ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಡುವುದು ಜಾಣತನವಲ್ಲ. ಹಾಗೆಯೇ 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿ ನೇಮಿಸಬಹುದು. ಮನೆಯ ಹಣ ಎಲ್ಲೆಲ್ಲಿದೆ ಎಂಬುದು ಯಜಮಾನನಿಗೆ ಮಾತ್ರ ಗೊತ್ತಿದ್ದರೆ ಸಾಲದು.

ನಮ್ಮ ಸಂಘ-ಸಂಸ್ಥೆಗಳು ವಿದ್ಯಾರ್ಥಿವೇತನ ವಿತರಣೆ, ಆರೋಗ್ಯ ಶಿಬಿರಗಳನ್ನು ಶ್ರದ್ಧೆಯಿಂದ ನಡೆಸುತ್ತಿವೆ. ಅದರ ಜತೆಗೆ ಮಹಿಳಾ ಮತ್ತು ಯುವ ವಿಭಾಗಗಳು ವರ್ಷಕ್ಕೊಮ್ಮೆ ಮನೆಲೆಕ್ಕ, ಸಾಲ, ನಾಮಿನಿ ಕುರಿತ ಮಾಹಿತಿ ಶಿಬಿರ ಏರ್ಪಡಿಸಲಿ. ಸಮಾಜದಲ್ಲಿರುವ ಬ್ಯಾಂಕಿನ ನಿವೃತ್ತ ಅಧಿಕಾರಿಗಳು, ಲೆಕ್ಕಪರಿಶೋಧಕರು ಮುಂದೆ ಬಂದರೆ ಇದಕ್ಕೆ ದೊಡ್ಡ ಖರ್ಚಿಲ್ಲ. ಮದುವೆ, ಮುಂಜಿ, ಗೃಹಪ್ರವೇಶಗಳ ಆಡಂಬರಕ್ಕೆ ಮಿತಿ ಹಾಕುವ ಮಾತೂ ಅಲ್ಲಿಯೇ ಬರಲಿ. ಆಡಂಬರದ ಸಮಾರಂಭಕ್ಕೆ ಮಾಡಿದ ಸಾಲದ ಕಂತು ತುಂಬುವವರು ಊಟ ಮಾಡಿ ಹೋದ ಅತಿಥಿಗಳಲ್ಲ, ಆ ಮನೆಯ ಮಕ್ಕಳು.