ಹೃದ್ರೋಗಿಗೆ ಧೈರ್ಯವೂ ಮದ್ದು

ಮೈಸೂರಿನ ಜಯದೇವ ಆಸ್ಪತ್ರೆಯಿಂದ ಯಳಂದೂರಿಗೆ ಮರಳಿದ ಹೃದಯಾಘಾತದ ರೋಗಿಯ ಮನೆಯಲ್ಲಿ ಅಂದೇ ಜನ ತುಂಬುತ್ತಾರೆ. ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಬೇಗ ಎದ್ದು ಬರುವುದು ಅದರ ಶಿಷ್ಟಾಚಾರ. “ನಮ್ಮ ಮಾವನಿಗೂ ಹೀಗೇ ಆಗಿ...” ಎಂಬ ಕಥೆ ಅಲ್ಲಿ ಬೇಡ. ಈ ದಿನಗಳಲ್ಲಿ ಭಯ, ನಿದ್ರಾಹೀನತೆ, ಖಿನ್ನತೆ ಸಾಮಾನ್ಯ. “ನಾವಿದ್ದೇವೆ, ಇನ್‌ಶಾ ಅಲ್ಲಾಹ್ ಗುಣವಾಗುತ್ತದೆ” ಎನ್ನಿ.

ಹಾಗೆಂದು ಅವರನ್ನು ಹಾಸಿಗೆಗೇ ಕಟ್ಟಿಹಾಕಬೇಡಿ. ವೈದ್ಯರು ಹೇಳಿದಷ್ಟು ನಡೆಯಲಿ. ನಿಲ್ಲಲಾಗದಿದ್ದರೆ ಕುಳಿತೇ ನಮಾಝ್ ಮಾಡಲಿ. ಆರಾಮವೆನಿಸಿತೆಂದು ಮಾತ್ರೆ ನಿಲ್ಲಿಸಿದರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಿ. ಕುರ್‌ಆನ್ ರೋಗಿಗೆ ರಿಯಾಯಿತಿ ನೀಡಿದೆ. ಮತ್ತೆ ಎದೆನೋವು, ಬೆವರು, ಏದುಸಿರು ಕಂಡರೆ ಗ್ಯಾಸ್ ಎಂದು ಕಾಯದೆ 108ಕ್ಕೆ ಕರೆ ಮಾಡಿ. ದುಆ ಮಾಡೋಣ, ಮದ್ದನ್ನೂ ಬಿಡದಿರೋಣ.